ಇತಿಹಾಸದಲ್ಲಿ ಈ ದಿನ – ನವೆಂಬರ್ 1: ಗಡಿಗಳು ಕೂಡಿದ, ಗಡಿಗಳು ಕಡಿದ ದಿನ

ಗ್ರೆಗೋರಿಯನ್ ಕ್ಯಾಲೆಂಡರ್ ಪ್ರಕಾರ ನವೆಂಬರ್ 1 ವರ್ಷದ 305ನೇ ದಿನ. ಅಧಿಕ ವರ್ಷವಾದರೆ 306ನೇ ದಿನ. ವರ್ಷ ಮುಗಿಯಲು ಈ ದಿನದ ನಂತರ ಇನ್ನು 60 ದಿನಗಳು ಉಳಿದಿರುತ್ತವೆ. ಕನ್ನಡಿಗರ ಪಾಲಿಗೆ ಇದು ರಾಜ್ಯೋತ್ಸವದ ದಿನ. ಆದರೆ ಇದೇ ದಿನ ಕೇರಳಕ್ಕೂ, ಮಧ್ಯಪ್ರದೇಶಕ್ಕೂ, ಹರಿಯಾಣಕ್ಕೂ, ಛತ್ತೀಸ್‌ಗಢಕ್ಕೂ ಹುಟ್ಟುಹಬ್ಬ. ಸ್ವತಂತ್ರ ಭಾರತದ ಭೂಪಟವನ್ನು ಇಷ್ಟು ಬಾರಿ ತಿದ್ದಿ ಬರೆದ ದಿನಾಂಕ ಬಹುಶಃ ಮತ್ತೊಂದಿಲ್ಲ. ಹೀಗೆ ತಿದ್ದಿದ ಪ್ರತಿಯೊಂದು ಗೆರೆಯೂ ಕೆಲವರನ್ನು ಒಂದುಗೂಡಿಸಿದೆ, ಇನ್ನು ಕೆಲವರನ್ನು ಆಚೆ ಬದಿಯಲ್ಲಿ ಬಿಟ್ಟಿದೆ ಎಂಬುದನ್ನು ಮರೆಯುವಂತಿಲ್ಲ.

1956: ಹರಿದು ಹಂಚಿದ್ದ ನಾಡು ಒಂದಾದದ್ದು

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಸುಲ್ತಾನ್ ಮಡಿದ ಬಳಿಕ ಕನ್ನಡ ಮಾತನಾಡುವ ಪ್ರದೇಶಗಳು ಹಲವು ಆಡಳಿತಗಳ ಕೈಗೆ ಹಂಚಿಹೋದವು. ಮೈಸೂರು ಸಂಸ್ಥಾನ ಒಡೆಯರ ಮನೆತನಕ್ಕೆ ಮರಳಿತು. ಧಾರವಾಡ, ಬೆಳಗಾವಿ, ವಿಜಯಪುರ ಭಾಗಗಳು ಮುಂಬೈ ಪ್ರಾಂತ್ಯಕ್ಕೂ, ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೂ ಸೇರಿದವು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಕೊಡಗು ಪ್ರತ್ಯೇಕವಾಗಿತ್ತು. ಇವುಗಳ ನಡುವೆ ಸಂಡೂರು, ಸವಣೂರು, ಮುಧೋಳ, ಜಮಖಂಡಿ, ರಾಮದುರ್ಗದಂತಹ ಸಣ್ಣಪುಟ್ಟ ಸಂಸ್ಥಾನಗಳೂ ಇದ್ದವು. ಒಂದೇ ಭಾಷೆಯಾಡುವ ಜನ ಒಂದೆಡೆ ಮರಾಠಿ, ಇನ್ನೊಂದೆಡೆ ತಮಿಳು ಮತ್ತು ತೆಲುಗು, ಮತ್ತೊಂದೆಡೆ ಉರ್ದು ಭಾಷೆಗಳ ಪ್ರಾಬಲ್ಯದ ನಡುವೆ ತಮ್ಮ ವ್ಯವಹಾರ ನಡೆಸಬೇಕಾಗಿತ್ತು.

ಈ ಸ್ಥಿತಿಯ ವಿರುದ್ಧದ ಎಚ್ಚರ ಮೊದಲು ಮೂಡಿದ್ದು ಧಾರವಾಡದಲ್ಲಿ. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಆರಂಭಗೊಂಡಿತು. 1917ರಲ್ಲಿ ಪ್ರಕಟವಾದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಕನ್ನಡಿಗರಿಗೆ ತಮ್ಮ ಇತಿಹಾಸದ ಪರಿಚಯ ಮಾಡಿಕೊಟ್ಟಿತು. 1924ರಲ್ಲಿ ಮಹಾತ್ಮ ಗಾಂಧಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ, ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ಜರುಗಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಆ ಅಧಿವೇಶನದಲ್ಲೇ.

ಸ್ವಾತಂತ್ರ್ಯ ಬಂದರೂ ಏಕೀಕರಣ ಕೂಡಲೇ ಕೈಗೂಡಲಿಲ್ಲ. 1952ರ ಡಿಸೆಂಬರ್ 15ರಂದು ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೈಗೊಂಡಿದ್ದ ಪೊಟ್ಟಿ ಶ್ರೀರಾಮುಲು ಮೃತಪಟ್ಟರು. ಆ ಬಳಿಕ ಕೇಂದ್ರ ಸರ್ಕಾರ ಭಾಷಾವಾರು ಪ್ರಾಂತ್ಯಗಳ ಬೇಡಿಕೆಯನ್ನು ತಳ್ಳಿಹಾಕುವ ಸ್ಥಿತಿಯಲ್ಲಿರಲಿಲ್ಲ. 1953ರಲ್ಲಿ ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಸತ್ಯಾಗ್ರಹ ನಡೆಸಿದರು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಅಸ್ತಿತ್ವಕ್ಕೆ ಬಂದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಬಳ್ಳಾರಿಗಾಗಿ ನಡೆದ ಆ ಹೋರಾಟದಲ್ಲಿ ಪಿಂಜಾರ ರಂಜಾನ್ ಸಾಬ್ ಪ್ರಾಣ ತೆತ್ತರು.

1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಅವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ ರೂಪುಗೊಂಡ ರಾಜ್ಯ ಪುನರ್ವಿಂಗಡಣಾ ಕಾಯ್ದೆ 1956ರ ನವೆಂಬರ್ 1ರಂದು ಜಾರಿಗೆ ಬಂದಿತು. ಸಂವಿಧಾನದ ಏಳನೇ ತಿದ್ದುಪಡಿಯೂ ಅದೇ ದಿನ ಜಾರಿಯಾಗಿ, ಎ, ಬಿ, ಸಿ ಎಂಬ ರಾಜ್ಯಗಳ ವರ್ಗೀಕರಣ ಕೊನೆಗೊಂಡಿತು. ದೇಶದಲ್ಲಿ 14 ರಾಜ್ಯಗಳು ಮತ್ತು 6 ಕೇಂದ್ರಾಡಳಿತ ಪ್ರದೇಶಗಳು ಉಳಿದವು.

ಹಳೆಯ ಮೈಸೂರು, ಕೊಡಗು, ಮುಂಬೈ ರಾಜ್ಯದ ನಾಲ್ಕು ಜಿಲ್ಲೆಗಳು, ಹೈದರಾಬಾದ್ ರಾಜ್ಯದ ಮೂರು ಜಿಲ್ಲೆಗಳು, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಹಾಗೂ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಸೇರಿ ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಆಗ ಇದ್ದುದು 19 ಜಿಲ್ಲೆಗಳು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಆ ಸಂಖ್ಯೆ 31ಕ್ಕೆ ಏರಿತು. ಹಿಂದಿನ ದಿನದವರೆಗೆ ಮುಖ್ಯಮಂತ್ರಿಯಾಗಿದ್ದ ಕಡಿದಾಳು ಮಂಜಪ್ಪನವರ ನಂತರ ಎಸ್. ನಿಜಲಿಂಗಪ್ಪ ಅವರು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರ್ ಅವರು ರಾಜ್ಯಪಾಲರಾದರು.

ಏಕೀಕರಣವನ್ನು ಎಲ್ಲ ಕನ್ನಡಿಗರೂ ಒಕ್ಕೊರಲಿನಿಂದ ಸ್ವಾಗತಿಸಿದ್ದರು ಎನ್ನಲಾಗದು. ಅಭಿವೃದ್ಧಿಯಲ್ಲಿ ಮುಂದಿದ್ದ ಹಳೆಯ ಮೈಸೂರಿನ ಅನೇಕ ಮುಖಂಡರಿಗೆ ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುವ ಆತಂಕವಿತ್ತು. ಈ ವಿರೋಧದ ನಡುವೆಯೂ ಆಗಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಏಕೀಕರಣದ ಪರ ನಿಂತರು. ಪ್ರಾದೇಶಿಕ ಅಸಮತೋಲನದ ಪ್ರಶ್ನೆ ಮಾತ್ರ ದಶಕಗಳ ಕಾಲ ಉಳಿಯಿತು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ವಿಧಿಯ ವಿಶೇಷ ಸ್ಥಾನ ದೊರೆತದ್ದು ಏಕೀಕರಣವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು.

ಗೆರೆಯ ಆಚೆ ಉಳಿದವರು

ಒಂದಾದ ಸಂಭ್ರಮದ ದಿನವೇ ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಮಂಗಳೂರಿನೊಡನೆ ಶಿಕ್ಷಣ, ವ್ಯಾಪಾರ, ಬಂಧುತ್ವದ ನಂಟು ಹೊಂದಿದ್ದ ಅಲ್ಲಿನ ಕನ್ನಡಿಗರು ಒಂದೇ ದಿನದಲ್ಲಿ ಬೇರೊಂದು ರಾಜ್ಯದ ಭಾಷಾ ಅಲ್ಪಸಂಖ್ಯಾತರಾದರು. ಕವಿ ಕಯ್ಯಾರ ಕಿಞ್ಞಣ್ಣ ರೈ ತಮ್ಮ ಬದುಕಿನ ಬಹುಭಾಗ ಕಾಸರಗೋಡಿನ ವಿಲೀನಕ್ಕಾಗಿ ದನಿಯೆತ್ತಿದರು. ನೂರು ವರ್ಷ ತುಂಬಿ, 2015ರಲ್ಲಿ ಅವರು ಕಣ್ಮುಚ್ಚಿದಾಗಲೂ ಆ ಬೇಡಿಕೆ ಈಡೇರಿರಲಿಲ್ಲ.

ಇತರ ಗಡಿಗಳಲ್ಲಿಯೂ ಇಂತಹ ಕೊಡು-ಕೊಳ್ಳುವಿಕೆ ನಡೆಯಿತು. ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಮುಂಬೈ ರಾಜ್ಯದಲ್ಲಿ ಉಳಿಯಿತು. ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳು ಸಹ ಮುಂಬೈ ರಾಜ್ಯದ ಪಾಲಾದವು. ರಾಯಚೂರಿನ ಗದ್ವಾಲ್ ಮತ್ತು ಆಲಂಪುರ, ಕಲಬುರಗಿಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು.

ಬೆಳಗಾವಿಯ ವಿಷಯದಲ್ಲಿ ಅಸಮಾಧಾನ ವ್ಯಕ್ತವಾದದ್ದು ಮರಾಠಿ ಭಾಷಿಕರಿಂದ. ಮಹಾರಾಷ್ಟ್ರ ಏಕೀಕರಣ ಸಮಿತಿ ನವೆಂಬರ್ 1ನ್ನು ಕರಾಳ ದಿನವಾಗಿ ಆಚರಿಸುತ್ತ ಬಂದಿತು. ವಿವಾದ ಬಗೆಹರಿಸಲು ಕೇಂದ್ರ ಸರ್ಕಾರ 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗವನ್ನು ನೇಮಿಸಿತು. 1967ರಲ್ಲಿ ಸಲ್ಲಿಕೆಯಾದ ವರದಿ 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೂ, 247 ಗ್ರಾಮಗಳನ್ನು ಮೈಸೂರಿಗೂ ವರ್ಗಾಯಿಸಲು ಶಿಫಾರಸು ಮಾಡಿತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಉಳಿಯಬೇಕೆಂದೂ, ಚಂದ್ರಗಿರಿ ನದಿಯ ಉತ್ತರಕ್ಕಿರುವ ಕಾಸರಗೋಡು ಭಾಗ ಮೈಸೂರಿಗೆ ಸೇರಬೇಕೆಂದೂ ಅದು ಹೇಳಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ವರದಿ ಜಾರಿಯಾಗಲೇ ಇಲ್ಲ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು. 2004ರಲ್ಲಿ ಮಹಾರಾಷ್ಟ್ರ ಸರ್ಕಾರ ಬೆಳಗಾವಿ ಗಡಿ ವಿಚಾರವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಒಂದೇ ದಿನ, ಹಲವು ರಾಜ್ಯಗಳ ಹುಟ್ಟು

* 1956 – ತಿರುವಾಂಕೂರು-ಕೊಚ್ಚಿ ರಾಜ್ಯ, ಮಲಬಾರ್ ಹಾಗೂ ಕಾಸರಗೋಡು ಸೇರಿ ಕೇರಳ ರಾಜ್ಯ ರಚನೆಯಾಯಿತು. ಮಲಯಾಳಿಗಳು ಈ ದಿನವನ್ನು ‘ಕೇರಳ ಪಿರವಿ’ ಎಂದು ಕರೆಯುತ್ತಾರೆ. ಕೇರಳಕ್ಕೂ ಇದು ಬರೀ ಗಳಿಕೆಯ ದಿನವಲ್ಲ. ತಮಿಳು ಭಾಷಿಕರು ಹೆಚ್ಚಾಗಿದ್ದ ಕನ್ಯಾಕುಮಾರಿ ಪ್ರದೇಶವನ್ನು ಅದು ಮದ್ರಾಸ್ ರಾಜ್ಯಕ್ಕೆ ಬಿಟ್ಟುಕೊಡಬೇಕಾಯಿತು.

* 1956 – ಆಂಧ್ರ ರಾಜ್ಯ ಮತ್ತು ಹೈದರಾಬಾದ್ ರಾಜ್ಯದ ತೆಲಂಗಾಣ ಭಾಗ ಸೇರಿ ಆಂಧ್ರಪ್ರದೇಶ ರಚನೆಯಾಯಿತು. ನೀಲಂ ಸಂಜೀವ ರೆಡ್ಡಿ ಮೊದಲ ಮುಖ್ಯಮಂತ್ರಿ. ಭಾಷೆ ಒಂದೇ ಆದರೂ ಈ ಕೂಡುವಿಕೆ ಶಾಶ್ವತವಾಗಲಿಲ್ಲ. 2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು.

* 1956 – ಮಧ್ಯಭಾರತ, ವಿಂಧ್ಯಪ್ರದೇಶ, ಭೋಪಾಲ್ ಹಾಗೂ ಹಳೆಯ ಮಧ್ಯಪ್ರದೇಶದ ಹಿಂದಿ ಭಾಷಿಕ ಜಿಲ್ಲೆಗಳು ಸೇರಿ ಹೊಸ ಮಧ್ಯಪ್ರದೇಶ ರೂಪುಗೊಂಡಿತು. ವಿದರ್ಭ ಭಾಗ ಮುಂಬೈ ರಾಜ್ಯಕ್ಕೆ ಸೇರಿತು. ಮೊದಲ ಮುಖ್ಯಮಂತ್ರಿ ರವಿಶಂಕರ್ ಶುಕ್ಲ ಎರಡೇ ತಿಂಗಳಲ್ಲಿ, ಡಿಸೆಂಬರ್ 31ರಂದು ನಿಧನರಾದರು.

* 1956 – ಅಜ್ಮೀರ್ ರಾಜಸ್ಥಾನದಲ್ಲಿ ವಿಲೀನವಾಯಿತು. ದೆಹಲಿ ಮತ್ತು ಲಕ್ಷದ್ವೀಪ ಸಮೂಹ ಕೇಂದ್ರಾಡಳಿತ ಪ್ರದೇಶಗಳಾದವು.

* 1966 – ಪಂಜಾಬಿ ಸುಬಾ ಚಳವಳಿಯ ಫಲವಾಗಿ ಪಂಜಾಬ್ ವಿಭಜನೆಗೊಂಡು ಹರಿಯಾಣ ರಾಜ್ಯ ಜನ್ಮತಾಳಿತು. ಕಾಂಗ್ರಾ, ಕುಲು ಮೊದಲಾದ ಗುಡ್ಡಗಾಡು ಪ್ರದೇಶಗಳು ಹಿಮಾಚಲ ಪ್ರದೇಶಕ್ಕೆ ಸೇರಿದವು. ಚಂಡೀಗಢ ಕೇಂದ್ರಾಡಳಿತ ಪ್ರದೇಶವಾಗಿ ಎರಡೂ ರಾಜ್ಯಗಳ ರಾಜಧಾನಿಯಾಯಿತು. ರಾಜಧಾನಿ ಮತ್ತು ನದಿ ನೀರಿನ ಹಂಚಿಕೆಯ ತಗಾದೆಗಳಿಗೆ ಈ ವಿಭಜನೆಯೇ ಮೂಲ.

* 2000 – ಮಧ್ಯಪ್ರದೇಶದಿಂದ ಬೇರ್ಪಟ್ಟು ಛತ್ತೀಸ್‌ಗಢ ರಚನೆಯಾಯಿತು. ಅಜಿತ್ ಜೋಗಿ ಮೊದಲ ಮುಖ್ಯಮಂತ್ರಿ. ಅದೇ ತಿಂಗಳ 9ರಂದು ಉತ್ತರಾಖಂಡ (ಆಗ ಉತ್ತರಾಂಚಲ), 15ರಂದು ಜಾರ್ಖಂಡ್ ಅಸ್ತಿತ್ವಕ್ಕೆ ಬಂದವು.

ತಮಿಳುನಾಡಿನ ಉದಾಹರಣೆ ಇಲ್ಲಿ ಗಮನಾರ್ಹ. ನವೆಂಬರ್ 1ನ್ನು ತಮಿಳುನಾಡು ದಿನವನ್ನಾಗಿ ಆಚರಿಸಲು 2019ರಲ್ಲಿ ಅಲ್ಲಿನ ಸರ್ಕಾರ ನಿರ್ಧರಿಸಿತ್ತು. 2021ರಲ್ಲಿ ಹೊಸ ಸರ್ಕಾರ ಆ ದಿನವನ್ನು ಜುಲೈ 18ಕ್ಕೆ ಬದಲಿಸಿತು. ನವೆಂಬರ್ 1 ಮದ್ರಾಸ್ ರಾಜ್ಯದಿಂದ ಪ್ರದೇಶಗಳು ಕೈಬಿಟ್ಟುಹೋದ ದಿನವೂ ಹೌದು; ಜುಲೈ 18 ಮಾತ್ರ 1967ರಲ್ಲಿ ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಿಡುವ ನಿರ್ಣಯ ವಿಧಾನಸಭೆಯಲ್ಲಿ ಅಂಗೀಕಾರವಾದ ದಿನ.

1973: ಹೆಸರು ಪಡೆದ ನಾಡು

ನಾಡು ಒಂದಾದರೂ ಅದರ ಹೆಸರು ಮೈಸೂರು ಎಂದೇ ಉಳಿದಿತ್ತು. ಉತ್ತರ ಭಾಗದ ಜನರಿಗೆ ಇದು ಹಳೆಯ ಸಂಸ್ಥಾನದ ಹೆಸರು, ಇಡೀ ನಾಡಿನ ಹೆಸರಲ್ಲ ಎಂಬ ಭಾವನೆಯಿತ್ತು. ‘ಕರ್ನಾಟಕ’ ಎಂಬ ಹೆಸರು ಪ್ರಾಚೀನವಾದದ್ದು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಎರಡು ನದಿಗಳ ಮೂಲಕ ಗುರುತಿಸಿತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1972ರ ಜುಲೈನಲ್ಲಿ ವಿಧಾನಸಭೆ ಮರುನಾಮಕರಣದ ನಿರ್ಣಯ ಅಂಗೀಕರಿಸಿತು. ಸಂಸತ್ತಿನ ಅನುಮೋದನೆಯ ಬಳಿಕ 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಸ್ವತಃ ಮೈಸೂರು ಭಾಗದವರೇ ಆದ ಅರಸರ ಅವಧಿಯಲ್ಲಿ ಈ ಬದಲಾವಣೆ ಆದದ್ದು ವಿಶೇಷ. ಈ ನಾಮಕರಣದ ಸುವರ್ಣ ಮಹೋತ್ಸವವನ್ನು 2023ರಿಂದ ‘ಕರ್ನಾಟಕ ಸಂಭ್ರಮ-50’ ಎಂಬ ಹೆಸರಿನಲ್ಲಿ ಆಚರಿಸಲಾಯಿತು.

2014ರ ನವೆಂಬರ್ 1ರಂದು ನಗರಗಳ ಸರದಿ ಬಂದಿತು. ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಬಳ್ಳಾರಿ, ಹುಬ್ಬಳ್ಳಿ, ಕಲಬುರಗಿ, ವಿಜಯಪುರ, ತುಮಕೂರು, ಶಿವಮೊಗ್ಗ, ಹೊಸಪೇಟೆ ಮತ್ತು ಚಿಕ್ಕಮಗಳೂರು – ಈ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾದವು. ಹೆಚ್ಚಿನ ನಗರಗಳಲ್ಲಿ ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ಗುಲ್ಬರ್ಗ ಮತ್ತು ಬಿಜಾಪುರಗಳಿಗೆ ಹೆಸರೇ ಬದಲಾಯಿತು.

2022ರ ನವೆಂಬರ್ 1ರಂದು ವಿಧಾನಸೌಧದ ಮುಂಭಾಗದಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ‘ಕರ್ನಾಟಕ ರತ್ನ’ ಪ್ರದಾನ ಮಾಡಲಾಯಿತು. ನಟರಾದ ರಜನಿಕಾಂತ್ ಮತ್ತು ಜೂನಿಯರ್ ಎನ್‌ಟಿಆರ್ ಸಮಾರಂಭದಲ್ಲಿ ಪಾಲ್ಗೊಂಡಿದ್ದರು. ಪುನೀತ್ ಅವರ ತಂದೆ ಡಾ. ರಾಜ್‌ಕುಮಾರ್, ಕುವೆಂಪು ಅವರೊಂದಿಗೆ ಈ ಪ್ರಶಸ್ತಿಯ ಮೊದಲ ಪುರಸ್ಕೃತರು.

ಭಾರತದ ಇತರ ಘಟನೆಗಳು

* 1858 – ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಗವರ್ನರ್ ಜನರಲ್ ಕ್ಯಾನಿಂಗ್ ಅಲಹಾಬಾದ್‌ನಲ್ಲಿ ಓದಿದರು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಕೊನೆಗೊಂಡು ಭಾರತ ನೇರವಾಗಿ ಬ್ರಿಟಿಷ್ ರಾಣಿಯ ಆಳ್ವಿಕೆಗೆ ಬಂದಿತು. ದೇಶೀಯ ಅರಸರೊಂದಿಗಿನ ಒಪ್ಪಂದಗಳನ್ನು ಗೌರವಿಸುವ ಭರವಸೆ ಈ ಘೋಷಣೆಯಲ್ಲಿತ್ತು. 1831ರಿಂದ ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿದ್ದ ಮೈಸೂರು 1881ರಲ್ಲಿ ಒಡೆಯರ ಮನೆತನಕ್ಕೆ ಮರಳಿತು.

* 1913 – ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ‘ಗದರ್’ ಪತ್ರಿಕೆಯ ಮೊದಲ ಸಂಚಿಕೆ ಉರ್ದುವಿನಲ್ಲಿ ಹೊರಬಂದಿತು. ವಿದೇಶದಲ್ಲಿದ್ದ ಭಾರತೀಯರನ್ನು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಸಂಘಟಿಸುವಲ್ಲಿ ಈ ಪತ್ರಿಕೆ ಪ್ರಮುಖ ಪಾತ್ರ ವಹಿಸಿತು.

* 1954 – ಪುದುಚೇರಿ, ಕಾರೈಕಲ್, ಮಾಹೆ ಮತ್ತು ಯಾನಂ ಪ್ರದೇಶಗಳ ಆಡಳಿತವನ್ನು ಫ್ರಾನ್ಸ್ ಭಾರತಕ್ಕೆ ಹಸ್ತಾಂತರಿಸಿತು. ಇದಕ್ಕೆ ಮುನ್ನ ಕೀಳೂರಿನಲ್ಲಿ ಜನಪ್ರತಿನಿಧಿಗಳ ಮತದಾನ ನಡೆದು, 178 ಮಂದಿಯ ಪೈಕಿ 170 ಮಂದಿ ವಿಲೀನದ ಪರ ಮತ ನೀಡಿದ್ದರು. ಕಾನೂನುಬದ್ಧ ಹಸ್ತಾಂತರ ಪೂರ್ಣಗೊಂಡದ್ದು 1962ರಲ್ಲಿ.

* 1984 – ಪ್ರಧಾನಿ ಇಂದಿರಾ ಗಾಂಧಿ ಹತ್ಯೆಯ ಮರುದಿನ. ಹಿಂದಿನ ಸಂಜೆ ಆರಂಭವಾಗಿದ್ದ ಸಿಖ್ ವಿರೋಧಿ ಹಿಂಸಾಚಾರ ದೆಹಲಿಯಾದ್ಯಂತ ಭೀಕರ ಸ್ವರೂಪ ಪಡೆಯಿತು. ಅಧಿಕೃತ ಲೆಕ್ಕದ ಪ್ರಕಾರ ದೆಹಲಿಯೊಂದರಲ್ಲೇ 2,733 ಮಂದಿ ಬಲಿಯಾದರು. ಪಂಜಾಬ್ ರಾಜ್ಯದ ಹೊಸ ರೂಪಕ್ಕೆ 18 ವರ್ಷ ತುಂಬಿದ ದಿನವದು.

ವಿಶ್ವದ ಪ್ರಮುಖ ಘಟನೆಗಳು

* 1512 – ರೋಮ್‌ನ ಸಿಸ್ಟೀನ್ ಚಾಪೆಲ್‌ನ ಮಾಳಿಗೆಯಲ್ಲಿ ಮೈಕೆಲೇಂಜೆಲೊ ನಾಲ್ಕು ವರ್ಷ ದುಡಿದು ರಚಿಸಿದ ಚಿತ್ರಗಳು ಸಾರ್ವಜನಿಕ ದರ್ಶನಕ್ಕೆ ತೆರೆದುಕೊಂಡವು.

* 1604 – ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕ ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಪ್ರದರ್ಶನಗೊಂಡಿತು. ಏಳು ವರ್ಷಗಳ ನಂತರ, 1611ರ ಇದೇ ದಿನ ಅಲ್ಲಿಯೇ ‘ದಿ ಟೆಂಪೆಸ್ಟ್’ ಪ್ರದರ್ಶನ ಕಂಡಿತು. ಎರಡೂ ನಾಟಕಗಳ ಪ್ರದರ್ಶನಕ್ಕೆ ಸಿಗುವ ಮೊದಲ ದಾಖಲೆಗಳು ಇವೇ.

* 1755 – ಪೋರ್ಚುಗಲ್ ರಾಜಧಾನಿ ಲಿಸ್ಬನ್ ಭೀಕರ ಭೂಕಂಪಕ್ಕೆ ತುತ್ತಾಯಿತು. ಸರ್ವ ಸಂತರ ಹಬ್ಬದ ಪ್ರಯುಕ್ತ ಚರ್ಚ್‌ಗಳು ಜನರಿಂದ ತುಂಬಿದ್ದವು, ದೀಪಗಳು ಉರಿಯುತ್ತಿದ್ದವು. ಭೂಕಂಪದ ಹಿಂದೆಯೇ ಸುನಾಮಿ ಅಪ್ಪಳಿಸಿತು, ಬೆಂಕಿ ಹಲವು ದಿನ ಉರಿಯಿತು. ಸತ್ತವರು ಹತ್ತಾರು ಸಾವಿರ. ಕಂಪನ ಎಷ್ಟು ಹೊತ್ತು ಇತ್ತು, ಸಮುದ್ರ ಹೇಗೆ ವರ್ತಿಸಿತು ಎಂದು ಸರ್ಕಾರ ದೇಶದ ಪ್ರತಿ ಚರ್ಚ್ ವಲಯಕ್ಕೂ ಪ್ರಶ್ನಾವಳಿ ಕಳುಹಿಸಿತು. ಆಧುನಿಕ ಭೂಕಂಪ ವಿಜ್ಞಾನದ ಮೊದಲ ಹೆಜ್ಜೆಗಳಲ್ಲಿ ಇದನ್ನು ಎಣಿಸಲಾಗುತ್ತದೆ.

* 1922 – ಟರ್ಕಿಯಲ್ಲಿ ಒಟ್ಟೊಮನ್ ಸುಲ್ತಾನರ ಪದವಿ ರದ್ದಾಯಿತು. 1928ರ ಇದೇ ದಿನ ಟರ್ಕಿ ಅರಬ್ಬೀ ಲಿಪಿಯನ್ನು ಕೈಬಿಟ್ಟು ಲ್ಯಾಟಿನ್ ಅಕ್ಷರಗಳನ್ನು ಅಳವಡಿಸಿಕೊಳ್ಳುವ ಕಾನೂನು ಅಂಗೀಕರಿಸಿತು.

* 1952 – ಪೆಸಿಫಿಕ್ ಸಾಗರದ ಎನೆವೆಟಾಕ್ ದ್ವೀಪವಲಯದಲ್ಲಿ ಅಮೆರಿಕ ಮೊದಲ ಹೈಡ್ರೋಜನ್ ಬಾಂಬ್ ಮಾದರಿಯ ಸಾಧನವನ್ನು ಸ್ಫೋಟಿಸಿತು. ಎಲುಗೆಲಾಬ್ ಎಂಬ ಪುಟ್ಟ ದ್ವೀಪ ನಕಾಶೆಯಿಂದಲೇ ಅಳಿಸಿಹೋಯಿತು.

* 1954 – ಫ್ರೆಂಚ್ ಆಳ್ವಿಕೆಯ ವಿರುದ್ಧ ಅಲ್ಜೀರಿಯಾದ ಸಶಸ್ತ್ರ ಹೋರಾಟ ಆರಂಭವಾಯಿತು. ಫ್ರಾನ್ಸ್ ಪುದುಚೇರಿಯನ್ನು ಶಾಂತಿಯುತವಾಗಿ ಬಿಟ್ಟುಕೊಟ್ಟ ದಿನವೇ ಇದೂ ನಡೆಯಿತು. ಅಲ್ಜೀರಿಯಾ ಸ್ವತಂತ್ರವಾಗಲು ಎಂಟು ವರ್ಷಗಳ ಯುದ್ಧ ಬೇಕಾಯಿತು.

* 1981 – ಕೆರಿಬಿಯನ್ ದ್ವೀಪರಾಷ್ಟ್ರ ಆಂಟಿಗುವಾ ಮತ್ತು ಬಾರ್ಬುಡಾ ಬ್ರಿಟನ್ನಿನಿಂದ ಸ್ವಾತಂತ್ರ್ಯ ಪಡೆಯಿತು.

* 1993 – ಮಾಸ್ಟ್ರಿಕ್ಟ್ ಒಪ್ಪಂದ ಜಾರಿಗೆ ಬಂದು ಐರೋಪ್ಯ ಒಕ್ಕೂಟ ಅಸ್ತಿತ್ವಕ್ಕೆ ಬಂದಿತು.

ಜನ್ಮದಿನ

* 1880 – ಆಲ್‌ಫ್ರೆಡ್ ವೆಗೆನರ್, ಜರ್ಮನ್ ವಿಜ್ಞಾನಿ. ಭೂಖಂಡಗಳು ಒಂದು ಕಾಲಕ್ಕೆ ಕೂಡಿಕೊಂಡಿದ್ದು ನಂತರ ದೂರ ಸರಿದವು ಎಂಬ ವಾದವನ್ನು 1912ರಲ್ಲಿ ಮಂಡಿಸಿದರು. ಬದುಕಿರುವವರೆಗೆ ಬಹುತೇಕ ಭೂವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮಪ್ರದೇಶದಲ್ಲಿ ಮೃತಪಟ್ಟರು.

* 1935 – ಎಡ್ವರ್ಡ್ ಸೈದ್, ಜೆರುಸಲೇಂನಲ್ಲಿ ಜನಿಸಿದ ಚಿಂತಕ. 1978ರಲ್ಲಿ ಪ್ರಕಟವಾದ ‘ಓರಿಯೆಂಟಲಿಸಂ’ ಕೃತಿಯಿಂದ ಪ್ರಸಿದ್ಧರು.

* 1960 – ಟಿಮ್ ಕುಕ್. 2011ರಲ್ಲಿ ಸ್ಟೀವ್ ಜಾಬ್ಸ್ ಅವರಿಂದ ಆಪಲ್ ಕಂಪನಿಯ ಚುಕ್ಕಾಣಿ ವಹಿಸಿಕೊಂಡವರು.

* 1973 – ಐಶ್ವರ್ಯಾ ರೈ, ನಟಿ, 1994ರ ವಿಶ್ವಸುಂದರಿ. ಹುಟ್ಟಿದ್ದು ಮಂಗಳೂರಿನಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ದಿನವೇ.

* 1974 – ವಿ.ವಿ.ಎಸ್. ಲಕ್ಷ್ಮಣ್, ಕ್ರಿಕೆಟಿಗ. ಹುಟ್ಟೂರು ಹೈದರಾಬಾದ್. 2001ರಲ್ಲಿ ಕೋಲ್ಕತ್ತದಲ್ಲಿ ಆಸ್ಟ್ರೇಲಿಯಾ ವಿರುದ್ಧ 281 ರನ್ ಗಳಿಸಿ, ಕರ್ನಾಟಕದ ರಾಹುಲ್ ದ್ರಾವಿಡ್ (180) ಜೊತೆ 376 ರನ್‌ಗಳ ಜೊತೆಯಾಟವಾಡಿದರು. ಫಾಲೋ ಆನ್‌ಗೆ ಸಿಲುಕಿದ್ದ ಭಾರತ ಆ ಟೆಸ್ಟ್ ಗೆದ್ದಿತು.

ನಿಧನ

* 1950 – ಬಿಭೂತಿಭೂಷಣ ಬಂದ್ಯೋಪಾಧ್ಯಾಯ, ಬಂಗಾಳಿ ಕಾದಂಬರಿಕಾರ. ಇವರ ‘ಪಥೇರ್ ಪಾಂಚಾಲಿ’ಯನ್ನು ಸತ್ಯಜಿತ್ ರೇ 1955ರಲ್ಲಿ ತೆರೆಗೆ ತಂದರು. ತಮ್ಮ ಕೃತಿ ಚಲನಚಿತ್ರವಾಗಿ ವಿಶ್ವಖ್ಯಾತಿ ಗಳಿಸುವುದನ್ನು ಕಾಣಲು ಲೇಖಕರು ಬದುಕಿರಲಿಲ್ಲ.

* 1972 – ಎಜ್ರಾ ಪೌಂಡ್, ಅಮೆರಿಕದ ಕವಿ. ವೆನಿಸ್‌ನಲ್ಲಿ ನಿಧನ.

ಆಚರಣೆಗಳು

* ಕರ್ನಾಟಕ ರಾಜ್ಯೋತ್ಸವ – ಸರ್ಕಾರಿ ರಜಾದಿನ. ಧ್ವಜಾರೋಹಣ, ಭುವನೇಶ್ವರಿಯ ಮೆರವಣಿಗೆ, ಸಾಂಸ್ಕೃತಿಕ ಕಾರ್ಯಕ್ರಮಗಳು ರಾಜ್ಯಾದ್ಯಂತ ಜರುಗುತ್ತವೆ. ವಿವಿಧ ಕ್ಷೇತ್ರಗಳ ಸಾಧಕರಿಗೆ ರಾಜ್ಯೋತ್ಸವ ಪ್ರಶಸ್ತಿ ನೀಡಲಾಗುತ್ತದೆ. ಎಷ್ಟನೇ ರಾಜ್ಯೋತ್ಸವವೋ ಅಷ್ಟೇ ಮಂದಿಗೆ ಪ್ರಶಸ್ತಿ ಎಂಬ ಕ್ರಮದಂತೆ 2024ರಲ್ಲಿ 69 ಸಾಧಕರು ಆಯ್ಕೆಯಾದರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಭುವನಗಿರಿಯಲ್ಲಿ ಭುವನೇಶ್ವರಿ ದೇವಿಯ ಪ್ರಾಚೀನ ದೇಗುಲವಿದೆ.

* ಕೇರಳ, ಮಧ್ಯಪ್ರದೇಶ, ಹರಿಯಾಣ, ಛತ್ತೀಸ್‌ಗಢ ರಾಜ್ಯಗಳ ಸ್ಥಾಪನಾ ದಿನ. ಪುದುಚೇರಿ ವಿಮೋಚನಾ ದಿನ.

* ಸರ್ವ ಸಂತರ ದಿನ – ಕ್ರೈಸ್ತರ ಹಬ್ಬ. ಮೆಕ್ಸಿಕೊದಲ್ಲಿ ಅಗಲಿದ ಹಿರಿಯರು, ಮಕ್ಕಳನ್ನು ನೆನೆಯುವ ‘ಮೃತರ ದಿನ’ದ ಆಚರಣೆ ನವೆಂಬರ್ 1 ಮತ್ತು 2ರಂದು ನಡೆಯುತ್ತದೆ.

* ವಿಶ್ವ ವೀಗನ್ ದಿನ – ಹಾಲು, ಮೊಟ್ಟೆ ಸೇರಿದಂತೆ ಪ್ರಾಣಿಜನ್ಯ ಆಹಾರವನ್ನು ಸಂಪೂರ್ಣ ತ್ಯಜಿಸಿದವರ ದಿನ. ಬ್ರಿಟನ್ನಿನ ವೀಗನ್ ಸೊಸೈಟಿಯ ಸುವರ್ಣ ಮಹೋತ್ಸವದ ವರ್ಷವಾದ 1994ರಲ್ಲಿ ಆರಂಭವಾಯಿತು.

ವೆಗೆನರ್ ಹುಟ್ಟಿದ್ದು, ಲಿಸ್ಬನ್ ನಡುಗಿದ್ದು ಈ ದಿನವೇ ಎಂಬುದು ಕೇವಲ ಕಾಕತಾಳೀಯ. ರಾಜ್ಯಗಳ ಹುಟ್ಟು ಹಾಗಲ್ಲ. ಅದು ಮನುಷ್ಯರು ಚರ್ಚಿಸಿ, ಜಗಳವಾಡಿ, ಕೆಲವೊಮ್ಮೆ ಪ್ರಾಣ ತೆತ್ತು ಕ್ಯಾಲೆಂಡರ್‌ನಲ್ಲಿ ಗುರುತಿಸಿಕೊಂಡ ದಿನ. ಆದ್ದರಿಂದಲೇ ಬೆಂಗಳೂರಿನಲ್ಲಿ ರಾಜ್ಯೋತ್ಸವವಾಗುವ ನವೆಂಬರ್ 1 ಕಾಸರಗೋಡಿನ ಕನ್ನಡಿಗರಿಗೆ ತಮ್ಮ ಊರು ಬೇರೆ ರಾಜ್ಯಕ್ಕೆ ಸೇರಿದ ದಿನವಾಗಿಯೂ ನೆನಪಿಗೆ ಬರುತ್ತದೆ.